ದಿಲ್ಲಿಗೆ ಓಟು, ಊರಿನ ಲೆಕ್ಕ: ಕೊಪ್ಪಳದ ಲೋಕಸಭಾ ಚುನಾವಣೆಗಳು

1989ರ ನವೆಂಬರ್‌ನಲ್ಲಿ ಕರ್ನಾಟಕದ ಜನ ಲೋಕಸಭೆಗೂ ವಿಧಾನಸಭೆಗೂ ಒಂದೇ ಸಲ ಮತ ಹಾಕಿದರು. ವಿಧಾನಸಭೆಯ 224 ಸ್ಥಾನಗಳಲ್ಲಿ 178ನ್ನು ಕಾಂಗ್ರೆಸ್ ಬಾಚಿಕೊಂಡಿತು, ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಲೋಕಸಭೆಯ 28ರಲ್ಲಿ 27 ಕಾಂಗ್ರೆಸ್ಸಿಗೇ ಹೋದವು. ಜನತಾ ದಳಕ್ಕೆ ದಕ್ಕಿದ ಒಂದೇ ಒಂದು ಸೀಟು ಕೊಪ್ಪಳ, ಗೆದ್ದವರು ಬಸವರಾಜ ಪಾಟೀಲ ಅನ್ವರಿ. ಆ ವರ್ಷ ದಿಲ್ಲಿಯಲ್ಲಿ ಪ್ರಧಾನಿಯಾದವರು ಅದೇ ಜನತಾ ದಳದ ವಿ.ಪಿ. ಸಿಂಗ್. ಇಡೀ ರಾಜ್ಯ ಒಂದು ಕಡೆ ವಾಲಿದಾಗ ಕೊಪ್ಪಳವೊಂದೇ ದಿಲ್ಲಿಯ ಗಾಳಿಗೆ ಮುಖ ಕೊಟ್ಟಿತ್ತು. ಹನ್ನೆರಡು ವರ್ಷ ಮೊದಲು, 1977ರಲ್ಲಿ, ಇದು ತಿರುವುಮುರುವಾಗಿತ್ತು. ತುರ್ತುಪರಿಸ್ಥಿತಿಯ ಸಿಟ್ಟಿಗೆ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕ ಅದಕ್ಕೆ 26 ಸೀಟು ಕೊಟ್ಟಿತು. ಅದರಲ್ಲಿ ಕೊಪ್ಪಳವೂ ಇತ್ತು. ಇನ್ನು 2024ರದು ಮೂರನೆಯ ಬಗೆ. ರಾಜ್ಯದಲ್ಲಿ ಬಿಜೆಪಿ–ಜೆಡಿಎಸ್ ಕೂಟ 19 ಗೆದ್ದಿತು, ದಿಲ್ಲಿಯಲ್ಲಿ ಮೋದಿ ಸರ್ಕಾರವೇ ಮುಂದುವರಿಯಿತು, ಆದರೆ ಕೊಪ್ಪಳ ಕಾಂಗ್ರೆಸ್ಸಿನ ಕೈ ಹಿಡಿಯಿತು.

ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇಲ್ಲಿಯ ಮತದಾರ ಗಾಳಿ ಬಂದ ಕಡೆ ತೂರಿಕೊಳ್ಳುತ್ತಾನೆ ಎನ್ನಲೂ ಆಗದು, ಗಾಳಿಗೆ ಎದುರು ನಡೆಯುತ್ತಾನೆ ಎನ್ನಲೂ ಆಗದು. ಹಾಗಾದರೆ ಲೋಕಸಭೆಗೆ ಮತ ಹಾಕುವಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಜನ ಏನನ್ನು ತೂಗಿ ನೋಡುತ್ತಾರೆ? ನನಗೆ ಕಾಣುವುದು ಇಷ್ಟು. ಚುನಾವಣೆ ನಡೆಯುವುದು ದಿಲ್ಲಿಯ ಹೆಸರಿನಲ್ಲಿ, ತೀರ್ಮಾನವಾಗುವುದು ಎಂಟು ಎಂಎಲ್ಎ ಕ್ಷೇತ್ರಗಳ ಲೀಡಿನ ಲೆಕ್ಕದಲ್ಲಿ. ಈ ಲೆಕ್ಕ ತಪ್ಪೇನಲ್ಲ, ಅದಕ್ಕೂ ಒಂದು ಜಾಣತನವಿದೆ. ಆದರೆ ದಿಲ್ಲಿಯೇ ಬಗೆಹರಿಸಬೇಕಾದ ಈ ಸೀಮೆಯ ದೊಡ್ಡ ಪ್ರಶ್ನೆಗಳು ದಿಲ್ಲಿಗೆ ಆಳು ಕಳಿಸುವ ಹೊತ್ತಿನಲ್ಲೇ ಮರೆಗೆ ಸರಿಯುತ್ತ ಬಂದಿವೆ.

ಕ್ಷೇತ್ರದ ಮೈಕಟ್ಟು ಮೊದಲು ಹೇಳಬೇಕು. ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು 1998ರ ಏಪ್ರಿಲ್ 1ರಂದು ಕೊಪ್ಪಳ ಜಿಲ್ಲೆಯಾದಾಗ ಅದರಲ್ಲಿದ್ದದ್ದು ಈ ನಾಲ್ಕು ತಾಲ್ಲೂಕು. ಕುಕನೂರು, ಕನಕಗಿರಿ, ಕಾರಟಗಿ ಆಮೇಲೆ ಸೇರಿದವು. ಲೋಕಸಭಾ ಕ್ಷೇತ್ರ ಜಿಲ್ಲೆಗಿಂತ ದೊಡ್ಡದು. ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳ ಜೊತೆ ರಾಯಚೂರಿನ ಸಿಂಧನೂರು, ಮಸ್ಕಿ, ಬಳ್ಳಾರಿಯ ಸಿರುಗುಪ್ಪ ಇದರಲ್ಲಿವೆ. ಕನಕಗಿರಿ ಪರಿಶಿಷ್ಟ ಜಾತಿಗೂ ಮಸ್ಕಿ, ಸಿರುಗುಪ್ಪ ಪರಿಶಿಷ್ಟ ಪಂಗಡಕ್ಕೂ ಮೀಸಲು. ಮತದಾರರು 18 ಲಕ್ಷಕ್ಕೂ ಹೆಚ್ಚು. ಒಂದು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ: ಗಂಗಾವತಿ, ಕಾರಟಗಿ, ಸಿಂಧನೂರು, ಅಕ್ಕಿ ಗಿರಣಿಗಳು, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು. ಇನ್ನೊಂದು ಕಡೆ ಮಳೆ ನೆಚ್ಚಿದ ಕುಷ್ಟಗಿ, ಯಲಬುರ್ಗಾ. ಬಿತ್ತಿದ್ದು ಕೈಗೆ ಬಾರದ ವರ್ಷ ಅಲ್ಲಿಯ ಮನೆಗಳಿಗೆ ಬೀಗ ಬೀಳುತ್ತದೆ, ಜನ ಗುಳೆ ಹೋಗುತ್ತಾರೆ.

ಹೆಸರಿನ ವಿಚಾರದಲ್ಲಿ ಕುಷ್ಟಗಿಗೆ ಒಂದು ಹಿರಿತನವಿದೆ. 1952ರ ಮೊದಲ ಚುನಾವಣೆಯಲ್ಲಿ, ಈ ಭಾಗವಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, ಲೋಕಸಭಾ ಕ್ಷೇತ್ರ ಕುಷ್ಟಗಿಯ ಹೆಸರಿನಲ್ಲೇ ಇತ್ತು. ಗೆದ್ದವರು ಪಕ್ಷೇತರ ಅಭ್ಯರ್ಥಿ ಅಳವಂಡಿಯ ಶಿವಮೂರ್ತಿಸ್ವಾಮಿ. ರಜಾಕಾರರ ಹಾವಳಿಯ ದಿನಗಳಲ್ಲಿ ಗಡಿಯಾಚೆಯ ಮುಂಡರಗಿ ಶಿಬಿರವನ್ನು ಕಟ್ಟಿ ನಡೆಸಿದ ನಾಯಕ. ಕೊಪ್ಪಳ, ಯಲಬುರ್ಗಾ ಸೀಮೆ ಸಾಲಾರ್ ಜಂಗ್ ಮನೆತನದ ಜಾಗೀರಿನಲ್ಲಿತ್ತು. 1952ರಲ್ಲಿ ಸಾಲಿನಲ್ಲಿ ನಿಂತವರು ನಾಲ್ಕು ವರ್ಷ ಕೆಳಗೆ ನಿಜಾಮನ ಪ್ರಜೆಗಳಾಗಿದ್ದವರು. ನೆಹರೂ ಹೆಸರಿಗೆ ದೇಶವೇ ಓಟು ಒತ್ತುತ್ತಿದ್ದಾಗ ಅವರು ಪಕ್ಷವೇ ಇಲ್ಲದ ಒಬ್ಬನನ್ನು ಕಳಿಸಿದರು. ಅವರನ್ನು ಕಾಪಾಡಿದ ಕೈ ಯಾವುದೆಂದು ಅವರಿಗೆ ಗೊತ್ತಿತ್ತು, ಚಿಹ್ನೆಯ ಹಂಗು ಬೇಕಿರಲಿಲ್ಲ. 1957ರಲ್ಲಿ ಕೊಪ್ಪಳ ಕ್ಷೇತ್ರವಾದ ಮೇಲೆ ಕಾಂಗ್ರೆಸ್ಸಿನ ಅಗಡಿ ಸಂಗಣ್ಣ ಗೆದ್ದರು. 1962ರಲ್ಲಿ ಲೋಕ ಸೇವಕ ಸಂಘದಿಂದ ಮತ್ತೆ ಶಿವಮೂರ್ತಿಸ್ವಾಮಿ, 1967ರಲ್ಲಿ ಮತ್ತೆ ಸಂಗಣ್ಣ. ಈ ಸರದಿ ಪದ್ಧತಿ ಆಮೇಲೆ ವಿಧಾನಸಭೆಗಳಿಗೆ ಇಳಿದುಬಂತು ಎನ್ನಬಹುದು. ಅದನ್ನು ಮುಂದೆ ನೋಡೋಣ.

1971ರಿಂದ ಇನ್ನೊಂದು ನಡೆ ಶುರುವಾಗುತ್ತದೆ. 1971 ಮತ್ತು 1977ರಲ್ಲಿ ಸಿದ್ದರಾಮೇಶ್ವರಸ್ವಾಮಿ. 1980 ಮತ್ತು 1984ರಲ್ಲಿ ಎಚ್.ಜಿ. ರಾಮುಲು. 1989 ಮತ್ತು 1991ರಲ್ಲಿ ಅನ್ವರಿ. 1996ರಲ್ಲಿ ಜನತಾ ದಳದ ಬಸವರಾಜ ರಾಯರೆಡ್ಡಿ. 1998, 1999ರಲ್ಲಿ ಮತ್ತೆ ರಾಮುಲು. 2004ರಲ್ಲಿ ಕಾಂಗ್ರೆಸ್ಸಿನ ಕೆ. ವಿರೂಪಾಕ್ಷಪ್ಪ. 2009ರಲ್ಲಿ ಬಿಜೆಪಿಯ ಶಿವರಾಮಗೌಡ, 2014, 2019ರಲ್ಲಿ ಅದೇ ಪಕ್ಷದ ಕರಡಿ ಸಂಗಣ್ಣ. ಎರಡು ಸಲ ಗೆಲ್ಲಿಸಿದ ಉದಾಹರಣೆ ಬೇಕಾದಷ್ಟಿವೆ. ಆದರೆ ಸತತ ಮೂರು ಸಲ ಇಲ್ಲಿಂದ ಯಾರೂ ಲೋಕಸಭೆಗೆ ಹೋಗಿಲ್ಲ. ನೆರೆಯ ಕೆಲವು ಕ್ಷೇತ್ರಗಳಂತೆ ಹತ್ತಿಪ್ಪತ್ತು ವರ್ಷ ಒಬ್ಬರನ್ನೇ ಕಳಿಸಿ ಸಂಸತ್ತಿನಲ್ಲಿ ಹಿರಿತನ ಗಳಿಸಿಕೊಳ್ಳುವ ಭಾಗ್ಯ ಕೊಪ್ಪಳಕ್ಕೆ ಬರಲಿಲ್ಲ. ಭಾಗ್ಯವೋ ಅಲ್ಲವೋ ಬೇರೆ ಮಾತು. ಸಂಸತ್ತಿನ ಪದ್ಧತಿ ತಿಳಿಯುವುದಕ್ಕೇ ಮೊದಲ ಅವಧಿ ಹೋಗುತ್ತದೆ. ಸ್ಥಾಯಿ ಸಮಿತಿಯಲ್ಲಿ ಮಾತಿಗೆ ತೂಕ ಬರುವ ಹೊತ್ತಿಗೆ ನಮ್ಮವರು ಮಾಜಿಗಳಾಗಿರುತ್ತಾರೆ.

1991ರ ಚುನಾವಣೆಯ ಕತೆ ಸ್ವಲ್ಪ ನಿಂತು ಹೇಳುವಂಥದ್ದು. 1989ರಲ್ಲಿ ದಳದಿಂದ ಗೆದ್ದ ಅನ್ವರಿಯವರು ಎರಡೇ ವರ್ಷದಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದರು. ಜನತಾ ದಳ ಅವರೆದುರು ಮೈಸೂರಿನಿಂದ ಒಬ್ಬರನ್ನು ತಂದು ನಿಲ್ಲಿಸಿತು. 1989ರಲ್ಲಿ ಚಾಮುಂಡೇಶ್ವರಿಯಲ್ಲಿ ಸೋತು ಕೂತಿದ್ದ ಸಿದ್ದರಾಮಯ್ಯ. ಅನ್ವರಿಗೆ 2,41,176 ಮತ ಬಂದವು, ಸಿದ್ದರಾಮಯ್ಯನವರಿಗೆ 2,29,979. ಅಂತರ 11,197. ಪರವೂರಿನ ಅಭ್ಯರ್ಥಿಗೆ ಇದು ಕಡಿಮೆ ಮತವಲ್ಲ. ಫಲಿತಾಂಶದ ತಕರಾರು ಕೋರ್ಟಿಗೂ ಹೋಯಿತು. 2025ರಲ್ಲಿ, ರಾಹುಲ್ ಗಾಂಧಿಯವರು ಮತಗಳ್ಳತನದ ಆರೋಪ ಎತ್ತಿದ್ದ ಹೊತ್ತಿನಲ್ಲೇ, ಹಿರಿಯ ವಕೀಲ ರವಿವರ್ಮಕುಮಾರ್ ಅವರ ಸನ್ಮಾನ ಸಮಾರಂಭದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಆ ಹಳೆಯ ಮೊಕದ್ದಮೆ ನೆನೆದು, ತಮ್ಮನ್ನು ಮೋಸದಿಂದ ಸೋಲಿಸಲಾಗಿತ್ತು ಎಂದರು. ಆಗ ಗೆದ್ದದ್ದು ಕಾಂಗ್ರೆಸ್ಸಲ್ಲವೇ ಎಂದು ಬಿಜೆಪಿಯವರು ತಕ್ಷಣ ಕುಟುಕಿದರು. ಬೆಂಗಳೂರಿನವರಿಗೆ ಅದೊಂದು ದಿನದ ಸುದ್ದಿ. ಕೊಪ್ಪಳದ ಹಿರಿಯರಿಗೆ ಅದರಲ್ಲಿ ಬೇರೊಂದು ಸಂಗತಿ ಕಂಡಿರಬೇಕು. ದಶಕಗಳಿಂದ ರಾಜ್ಯ ರಾಜಕಾರಣದ ನಡುಮನೆಯಲ್ಲಿರುವ ಒಬ್ಬರನ್ನು ದಿಲ್ಲಿಗೆ ಅಟ್ಟದೆ ಇಲ್ಲೇ ಉಳಿಸಿದ್ದು ಈ ಕ್ಷೇತ್ರ. ಸೋತಿದ್ದಕ್ಕೇ ಅವರು 1994ರ ವಿಧಾನಸಭೆಗೆ ಗೆದ್ದು ಹಣಕಾಸು ಮಂತ್ರಿಯಾದರು. ಇದನ್ನು ಉಪಕಾರ ಎನ್ನುವವರೂ ಇದ್ದಾರೆ, ಅಪಕಾರ ಎನ್ನುವವರೂ ಇದ್ದಾರೆ.

ಅನ್ವರಿಯವರ ಎರಡು ಗೆಲುವುಗಳಲ್ಲಿ ಮುಖ್ಯವಾದ ಇನ್ನೊಂದು ಅಂಶವಿದೆ. ಜನ ಆಳನ್ನು ಉಳಿಸಿಕೊಂಡು ಪಕ್ಷವನ್ನು ಬದಲಿಸಿದರು. ಆಮೇಲಿನ ಕೊಪ್ಪಳದ ರಾಜಕಾರಣ ಈ ದಾರಿಯನ್ನೇ ಹಿಡಿಯಿತು, ಕರಡಿ ಸಂಗಣ್ಣನವರಲ್ಲಿ ಅದು ತುದಿ ಮುಟ್ಟಿತು.

ಎಂಪಿ ಚುನಾವಣೆ ಅರ್ಥವಾಗಬೇಕಾದರೆ ಎಂಎಲ್ಎ ಚುನಾವಣೆಯ ಕಡೆ ಹೊರಳಬೇಕು. ಕುಷ್ಟಗಿಯಲ್ಲಿ 2008ರಲ್ಲಿ ಕಾಂಗ್ರೆಸ್ಸಿನ ಅಮರೇಗೌಡ ಪಾಟೀಲ ಬಯ್ಯಾಪುರ, 2013ರಲ್ಲಿ ಬಿಜೆಪಿಯ ದೊಡ್ಡನಗೌಡ ಪಾಟೀಲ, 2018ರಲ್ಲಿ ಮತ್ತೆ ಬಯ್ಯಾಪುರ, 2023ರಲ್ಲಿ ಮತ್ತೆ ದೊಡ್ಡನಗೌಡ. ಯಲಬುರ್ಗಾದಲ್ಲಿ 2004ರಲ್ಲಿ ರಾಯರೆಡ್ಡಿ, 2008ರಲ್ಲಿ ಬಿಜೆಪಿಯ ಈಶಣ್ಣ ಗುಳಗಣ್ಣವರ, 2013ರಲ್ಲಿ ರಾಯರೆಡ್ಡಿ, 2018ರಲ್ಲಿ ಬಿಜೆಪಿಯ ಹಾಲಪ್ಪ ಆಚಾರ್, 2023ರಲ್ಲಿ ಮತ್ತೆ ರಾಯರೆಡ್ಡಿ. ಗಂಗಾವತಿಯಲ್ಲಿ 2004ರಲ್ಲಿ ಜೆಡಿಎಸ್‌ನ ಇಕ್ಬಾಲ್ ಅನ್ಸಾರಿ, 2008ರಲ್ಲಿ ಬಿಜೆಪಿಯ ಪರಣ್ಣ ಮುನವಳ್ಳಿ, 2013ರಲ್ಲಿ ಅನ್ಸಾರಿ, 2018ರಲ್ಲಿ ಮುನವಳ್ಳಿ. ಹಳೆಯ ನಾಲ್ಕು ತಾಲ್ಲೂಕುಗಳಲ್ಲಿ ಮೂರರಲ್ಲಿ ಹಾಲಿ ಶಾಸಕನೆಂದರೆ ಮುಂದಿನ ಸಲ ಸೋಲುವವನು. ಕೊಪ್ಪಳ ಒಂದೇ ಇದಕ್ಕೆ ಹೊರತು. ಅಲ್ಲಿ 2013ರಿಂದ ಕೆ. ರಾಘವೇಂದ್ರ ಹಿಟ್ನಾಳ ಸತತ ಮೂರು ಸಲ ಗೆದ್ದಿದ್ದಾರೆ.

ಇದನ್ನು ಬರೆಯುವಾಗ ದೂರದ ಕೋಸ್ಟರಿಕಾ ನೆನಪಾಗುತ್ತದೆ. ಮಧ್ಯ ಅಮೆರಿಕದ ಆ ಪುಟ್ಟ ದೇಶದ ಸಂವಿಧಾನ ಶಾಸಕರು ಸತತ ಎರಡನೆಯ ಸಲ ಆಯ್ಕೆಯಾಗುವುದನ್ನೇ ನಿಷೇಧಿಸಿದೆ. ನಾಲ್ಕು ವರ್ಷ ಕೂತವರು ಎದ್ದು ಹೋಗಬೇಕು, ಬೇಕಿದ್ದರೆ ಒಂದು ಅವಧಿ ಬಿಟ್ಟು ಬರಬಹುದು. ಹಳಬರು ಬೇರು ಬಿಡಬಾರದೆಂಬುದು ಉದ್ದೇಶ. ಸಂಸತ್ತಿನಲ್ಲಿ ಅನುಭವಿಗಳೇ ಉಳಿಯುವುದಿಲ್ಲ ಎಂಬುದು ಅಲ್ಲಿಯವರ ತೀರದ ದೂರು. ಕುಷ್ಟಗಿಯ ಜನ ಆ ಕಾನೂನನ್ನು ಬೆರಳಿನ ಮಸಿಯಲ್ಲೇ ಬರೆದುಕೊಂಡಂತಿದೆ. ವ್ಯತ್ಯಾಸವಿರುವುದು ಇನ್ನೊಂದು ಕಡೆ. ಕೋಸ್ಟರಿಕಾದಲ್ಲಿ ಮತ ಬೀಳುವುದು ಪಕ್ಷದ ಪಟ್ಟಿಗೆ, ಏಳು ಪ್ರಾಂತ್ಯಗಳ ಲೆಕ್ಕದಲ್ಲಿ 57 ಸ್ಥಾನ ಹಂಚಿಕೆಯಾಗುತ್ತವೆ. ಬಹುಪಾಲು ಮತದಾರರಿಗೆ ತಮ್ಮ ಪ್ರತಿನಿಧಿಯ ಮುಖ ಗೊತ್ತಿರುವುದಿಲ್ಲ. ನಮ್ಮಲ್ಲಿ ಮುಖವೇ ಮೊದಲು, ಪಕ್ಷ ಆಮೇಲೆ. 2022ರಲ್ಲಿ ಆ ದೇಶದ ಒಟ್ಟು ಮತದಾರರು ಸುಮಾರು 35 ಲಕ್ಷ. ನಮ್ಮ ಕೊಪ್ಪಳದಂಥ ಎರಡು ಲೋಕಸಭಾ ಕ್ಷೇತ್ರ ಸೇರಿದರೆ ಅಷ್ಟಾಗುತ್ತದೆ. ಅವರಿಗೆ 57 ಜನ ಪ್ರತಿನಿಧಿಗಳು, ನಮಗೆ ಇಬ್ಬರು. ಎಂಟು ಎಂಎಲ್ಎಗಳ ಭುಜ ಹತ್ತದೆ ಒಬ್ಬ ಎಂಪಿ ಅಭ್ಯರ್ಥಿ ಇಷ್ಟು ಜನರನ್ನು ಮುಟ್ಟುವುದಾದರೂ ಹೇಗೆ?

ಈ ಭಾಗದಲ್ಲಿ ಎರಡು ನಂಬಿಕೆಗಳಿವೆ. ಕನಕಗಿರಿಯಲ್ಲಿ ಗೆದ್ದವರದೇ ಸರ್ಕಾರ, ಕುಷ್ಟಗಿಯಲ್ಲಿ ಗೆದ್ದ ಪಕ್ಷಕ್ಕೆ ಸರ್ಕಾರ ಇಲ್ಲ. ಕನಕಗಿರಿಯಲ್ಲಿ 2008ರಲ್ಲಿ ಪಕ್ಷೇತರರಾಗಿ ಗೆದ್ದ ಶಿವರಾಜ ತಂಗಡಗಿ, 110 ಸೀಟಿಗೆ ನಿಂತುಹೋಗಿದ್ದ ಯಡಿಯೂರಪ್ಪನವರಿಗೆ ಬೆಂಬಲ ಕೊಟ್ಟು ಮಂತ್ರಿಯಾದರು. 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಾಗ ಕಾಂಗ್ರೆಸ್ ಸರ್ಕಾರ, 2018ರಲ್ಲಿ ಬಿಜೆಪಿಯ ಬಸವರಾಜ ದಡೇಸೂಗೂರು ಗೆದ್ದರು, 2023ರಲ್ಲಿ ಮತ್ತೆ ತಂಗಡಗಿ, ಮತ್ತೆ ಮಂತ್ರಿಗಿರಿ. ಕುಷ್ಟಗಿಯ ನಾಲ್ಕು ಫಲಿತಾಂಶ ಇದಕ್ಕೆ ಉಲ್ಟಾ. ಕೇಳಲು ಚೆನ್ನಾಗಿದೆ, ಆದರೆ ಎರಡು ನಂಬಿಕೆಯೂ 2018ರ ಕಾಂಗ್ರೆಸ್–ಜೆಡಿಎಸ್ ಮೈತ್ರಿಯ 14 ತಿಂಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಂಬಿಕೆಗಳು ಹೀಗೆಯೇ ಬದುಕುವುದು. ಟಿವಿ ಚಾನೆಲ್ಲುಗಳಿಗೆ ಮಾತ್ರ ಫಲಿತಾಂಶದ ದಿನ ಇವೆರಡೂ ಬೇಕು.

ಗಂಗಾವತಿಯ 2023ರ ಫಲಿತಾಂಶವನ್ನು ಬೇರೆಯಾಗಿಯೇ ನೋಡಬೇಕು. ಅಕ್ರಮ ಗಣಿಗಾರಿಕೆ ಪ್ರಕರಣದ ಜಾಮೀನಿನ ಷರತ್ತಿನಿಂದ ಆಗ ಬಳ್ಳಾರಿಗೆ ಕಾಲಿಡಲಾಗದಿದ್ದ ಜಿ. ಜನಾರ್ದನ ರೆಡ್ಡಿ 2022ರ ಡಿಸೆಂಬರ್‌ನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿದರು, ನದಿ ದಾಟಿ ಗಂಗಾವತಿಯಲ್ಲಿ ಮನೆ ಮಾಡಿದರು, ಫುಟ್ಬಾಲ್ ಚಿಹ್ನೆಯಲ್ಲಿ ನಿಂತರು. ಅವರಿಗೆ 66,213, ಕಾಂಗ್ರೆಸ್‌ಗೆ ಬಂದಿದ್ದ ಅನ್ಸಾರಿಗೆ 57,947. ಹಾಲಿ ಶಾಸಕ ಮುನವಳ್ಳಿ ಮೂವತ್ತು ಸಾವಿರವನ್ನೂ ಮುಟ್ಟದೆ ಮೂರನೆಯವರಾದರು. ಆ ಪಕ್ಷ ರಾಜ್ಯದಲ್ಲಿ ಗೆದ್ದ ಒಂದೇ ಕ್ಷೇತ್ರ ಇದು. ಹತ್ತು ತಿಂಗಳಲ್ಲಿ, 2024ರ ಮಾರ್ಚ್‌ನಲ್ಲಿ, ಪಕ್ಷ ಬಿಜೆಪಿಯಲ್ಲಿ ಲೀನವಾಯಿತು. 2025ರ ಮೇ ತಿಂಗಳಲ್ಲಿ ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯ ರೆಡ್ಡಿಯವರಿಗೆ ಏಳು ವರ್ಷ ಶಿಕ್ಷೆ ಕೊಟ್ಟಿತು, ಶಾಸಕತ್ವ ಅನರ್ಹವಾಯಿತು. ತೆಲಂಗಾಣ ಹೈಕೋರ್ಟ್ ಜೂನ್‌ನಲ್ಲಿ ಶಿಕ್ಷೆಗೆ ತಡೆ ಕೊಟ್ಟ ಮೇಲೆ ಅದು ಮರಳಿತು. ವಿಜಯನಗರದ ರಾಜಮನೆತನದ ಕುಡಿ ಆನೆಗೊಂದಿಯ ಶ್ರೀರಂಗದೇವರಾಯಲು ಶಾಸಕರಾಗಿ ಮಂತ್ರಿಯಾಗಿ ಓಡಾಡಿದ ನೆಲದಲ್ಲಿ, ಹೊರಗಿನಿಂದ ಬಂದವರು ನಾಲ್ಕು ತಿಂಗಳ ಓಡಾಟದಲ್ಲಿ ಗೆದ್ದದ್ದು ಹೇಗೆ ಎಂಬುದಕ್ಕೆ ಹಣವೊಂದೇ ಉತ್ತರವಲ್ಲ. ಅನ್ಸಾರಿ–ಮುನವಳ್ಳಿ ಸರದಿಯಾಟ ನೋಡಿ ನೋಡಿ ಸಾಕಾದವರ ಮತವೂ ಅದರಲ್ಲಿತ್ತು.

ಈಗ ಎರಡು ಮನೆಗಳ ಕತೆಗೆ ಬರೋಣ. 2008ರಲ್ಲಿ ಕೊಪ್ಪಳ ವಿಧಾನಸಭೆಗೆ ಜೆಡಿಎಸ್‌ನಿಂದ ಗೆದ್ದಿದ್ದ ಕರಡಿ ಸಂಗಣ್ಣ ರಾಜೀನಾಮೆ ಕೊಟ್ಟು ಬಿಜೆಪಿಗೆ ಬಂದರು, 2011ರ ಸೆಪ್ಟೆಂಬರ್ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಬಸವರಾಜ ಹಿಟ್ನಾಳರನ್ನು ಸೋಲಿಸಿದರು. 2013ರಲ್ಲಿ ಬಸವರಾಜರ ಮಗ ರಾಘವೇಂದ್ರ ಕರಡಿಯವರನ್ನು ಸೋಲಿಸಿದರು. 2014ರಲ್ಲಿ ಲೋಕಸಭೆಗೆ ಕರಡಿ ಎದುರು ಮತ್ತೆ ತಂದೆ ಹಿಟ್ನಾಳ. ಕರಡಿ ಗೆದ್ದದ್ದು 32,414 ಮತಗಳಿಂದ. 2018ರಲ್ಲಿ ರಾಘವೇಂದ್ರರ ಎದುರು ಕರಡಿಯವರ ಮಗ ಅಮರೇಶ್. 2019ರಲ್ಲಿ ಕರಡಿ ಸಂಗಣ್ಣ ಎದುರು ರಾಘವೇಂದ್ರರ ತಮ್ಮ ರಾಜಶೇಖರ. ಅಂತರ 38,397. 2023ರಲ್ಲಿ ರಾಘವೇಂದ್ರರ ಎದುರು ಕರಡಿಯವರ ಸೊಸೆ ಮಂಜುಳಾ. ಹನ್ನೆರಡು ವರ್ಷ ತಂದೆ, ಮಕ್ಕಳು, ಸೊಸೆ ಎನ್ನದೆ ಎರಡು ಮನೆಯವರು ಅದಲುಬದಲಾಗಿ ನಿಂತರು. ಊರೂರಿನ ಕಾರ್ಯಕರ್ತರು ಈ ಎರಡು ಮನೆಗಳ ಹಿಂದೆ ಹಂಚಿಹೋದರು. ಒಂದೇ ಓಣಿಯಲ್ಲಿ ಮಾತು ಬಿಟ್ಟವರಿದ್ದಾರೆ.

ಆಮೇಲೆ 2024 ಬಂತು. ಬಿಜೆಪಿ ಹಾಲಿ ಸಂಸದ ಕರಡಿಯವರಿಗೆ ಟಿಕೆಟ್ ತಪ್ಪಿಸಿ ಡಾ. ಬಸವರಾಜ ಕ್ಯಾವಟರ್ ಅವರನ್ನು ನಿಲ್ಲಿಸಿತು. ಏಪ್ರಿಲ್‌ನಲ್ಲಿ ಕರಡಿ ಕಾಂಗ್ರೆಸ್ ಸೇರಿದರು, ಐದು ವರ್ಷ ಹಿಂದೆ ತಾವೇ ಸೋಲಿಸಿದ ರಾಜಶೇಖರ ಹಿಟ್ನಾಳರ ಕಡೆಗೆ ಬಂದು ನಿಂತರು. ಓಣಿಯಲ್ಲಿ ಮಾತು ಬಿಟ್ಟವರು ಏನು ಮಾಡಬೇಕು? ಮೇ 7ರ ಮತದಾನದಲ್ಲಿ ಹಿಟ್ನಾಳರಿಗೆ 6,63,511, ಕ್ಯಾವಟರ್ ಅವರಿಗೆ 6,17,154. ಅಂತರ 46,357. ಕರಡಿಯವರ ವಲಸೆಯಿಂದಲೇ ಇದಾಯಿತು ಎಂಬ ವಿಶ್ಲೇಷಣೆ ಆಗ ಬಹಳ ಓಡಿತು. ನನಗೆ ಅಷ್ಟು ನಂಬಿಕೆ ಇಲ್ಲ. 2023ರಲ್ಲೇ ಎಂಟರಲ್ಲಿ ಆರು ಕ್ಷೇತ್ರ ಕಾಂಗ್ರೆಸ್ಸಿನ ಕೈಯಲ್ಲಿದ್ದವು. ಬಿಜೆಪಿಗೆ ಕುಷ್ಟಗಿ ಒಂದೇ, ರೆಡ್ಡಿ ಬಂದ ಮೇಲೆ ಗಂಗಾವತಿ. ಆ ಸಲ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಹೀಗೆ ಕಲ್ಯಾಣ ಕರ್ನಾಟಕದ ಐದೂ ಸೀಟು ಕಾಂಗ್ರೆಸ್ಸಿಗೆ ಹೋದವು. ಬೀದರಿನಲ್ಲಿ ಕರಡಿ ಸಂಗಣ್ಣ ಪ್ರಚಾರ ಮಾಡಿರಲಿಲ್ಲ. ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ, ಈ ಭಾಗದವರೇ ಆದ ಖರ್ಗೆಯವರ ಕಾಂಗ್ರೆಸ್ ಅಧ್ಯಕ್ಷತೆ, ಅವರ ಹೆಸರಿನೊಂದಿಗೆ ಜನ ಸೇರಿಸಿ ಹೇಳುವ, ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ, ಇವು ಐದೂ ಕ್ಷೇತ್ರಗಳಿಗೆ ಸಾಮಾನ್ಯ.

ಆದರೆ 2014ರಲ್ಲಿ ಈ ಎಂಎಲ್ಎ ಲೆಕ್ಕ ಕೈಕೊಟ್ಟಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಿಜ. 2013ರಲ್ಲಿ ಜಿಲ್ಲೆಯ ಐದರಲ್ಲಿ ಮೂರು ಕಾಂಗ್ರೆಸ್ಸಿಗಿದ್ದವು, ಒಂದು ಜೆಡಿಎಸ್‌ಗೆ, ಒಂದೇ ಬಿಜೆಪಿಗೆ. ವರ್ಷ ಕಳೆಯುವಷ್ಟರಲ್ಲಿ ಬಿಜೆಪಿ ಎಂಪಿ. ಮೋದಿ ಅಲೆ ಎಂಬುದು ನೇರ ಉತ್ತರ. ಅದರ ಜೊತೆಗೆ ಯಡಿಯೂರಪ್ಪ ತಮ್ಮ ಕೆಜೆಪಿ ಪಕ್ಷ ಮುಚ್ಚಿ ಬಿಜೆಪಿಗೆ ವಾಪಸು ಬಂದಿದ್ದರು, 2013ರಲ್ಲಿ ಒಡೆದಿದ್ದ ಮತ ಕೂಡಿಕೊಂಡವು. ಅಲೆ ಇದ್ದಾಗಲೂ ಅಂತರ 32 ಸಾವಿರ ಚಿಲ್ಲರೆ ಮಾತ್ರ ಎಂಬುದನ್ನು ಮರೆಯಬಾರದು. 2009ರಲ್ಲಿ ದೇಶದಲ್ಲಿ ಬಿಜೆಪಿ ಸೋತಾಗ ಶಿವರಾಮಗೌಡರು ರಾಯರೆಡ್ಡಿಯವರನ್ನು ಸೋಲಿಸಿದ್ದು ಎಂಬತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ. ಆಗ ಬೆಂಗಳೂರಿನಲ್ಲಿ ಬಿಜೆಪಿ ಸರ್ಕಾರವಿತ್ತು. ಇಲ್ಲಿ ಬೆಂಗಳೂರಿನ ಗದ್ದುಗೆ ದಿಲ್ಲಿಯ ಅಲೆಗಿಂತ ಹೆಚ್ಚು ಮತ ತರುತ್ತದೆ ಎನ್ನುವುದಕ್ಕೆ ಇದೊಂದು ಸಾಕ್ಷಿ.

ಪ್ರಚಾರ ಹೇಗೆ ನಡೆಯುತ್ತದೆಂದು ನೋಡಿದವರಿಗೆ ಇದು ಆಶ್ಚರ್ಯವೆನಿಸದು. ಏಪ್ರಿಲ್ ಬಿಸಿಲು, ಊರ ಮುಂದಿನ ಬೇವಿನ ನೆರಳು, ಮೈಕು ಕಟ್ಟಿದ ಟಂಟಂ. ಅಭ್ಯರ್ಥಿ ಎಲ್ಲ ಊರಿಗೆ ಬರುವುದಿಲ್ಲ, ಬರಲೂ ಆಗದು. ಸಾಮೂಹಿಕ ಮದುವೆ, ಜಾತ್ರೆ, ರಥೋತ್ಸವದಲ್ಲಿ ಮುಖ ತೋರಿಸಿ ಹೋಗುತ್ತಾರೆ. ಊರಿಗೆ ಬರುವವರು ಎಂಎಲ್ಎ ಕಡೆಯವರು, ತಾಲ್ಲೂಕು ಪಂಚಾಯಿತಿಯ ಮಾಜಿಗಳು. ಅವರು ಕೇಳುವುದು ಸಂಸತ್ತಿನ ಮಾತಲ್ಲ, "ನಿಮ್ಮೂರ ಬೂತಿನ್ಯಾಗ ಎಷ್ಟ್ ಲೀಡ್ ಕೊಡ್ತೀರಿ?" ಈ ಲೀಡಿನ ಮೇಲೆ ಮುಂದಿನ ಸಿಸಿ ರಸ್ತೆ, ಸಮುದಾಯ ಭವನ, ಬೋರ್‌ವೆಲ್ ನಿಂತಿರುತ್ತದೆ. ಮಂತ್ರಿಗಳಿಗೂ ಇದೇ ಲೆಕ್ಕ. ತಮ್ಮ ಕ್ಷೇತ್ರದಲ್ಲಿ ಲೀಡ್ ಬಾರದಿದ್ದರೆ ಹೈಕಮಾಂಡ್‌ಗೆ ಮುಖ ತೋರಿಸುವುದು ಕಷ್ಟ.

ಗುಳೆ ಹೋದವರದು ಇನ್ನೊಂದು ಪಾಡು. ಕುಷ್ಟಗಿ, ಯಲಬುರ್ಗಾದ ತಾಂಡಾಗಳಿಂದ, ಹಳ್ಳಿಗಳಿಂದ ಮಂಗಳೂರು, ಉಡುಪಿ, ಗೋವಾ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವರು ಬೇಸಿಗೆಯಲ್ಲಿ ಅಲ್ಲೇ ಇರುತ್ತಾರೆ. ಮತದಾನಕ್ಕೆ ವಾರವಿರುವಾಗ ಮೇಸ್ತ್ರಿಗೆ ಊರಿನಿಂದ ಫೋನು ಶುರು: ನಿನ್ನ ಕೈಕೆಳಗೆ ಎಷ್ಟು ಮಂದಿ, ಎಷ್ಟು ಓಟು, ಗಾಡಿ ಕಳಿಸಲಾ? ಗ್ರಾಮ ಪಂಚಾಯಿತಿಗೆ ಗಾಡಿ ಖಂಡಿತ ಬರುತ್ತದೆ, ಎಂಎಲ್ಎ ಚುನಾವಣೆಗೂ ಬರುತ್ತದೆ. ಎಂಪಿ ಚುನಾವಣೆಗೆ ಅಷ್ಟು ಆಸ್ಥೆ ಇರುವುದಿಲ್ಲ. ಹೋಗಿಬರುವ ಖರ್ಚು, ಎರಡು ದಿನದ ಪಗಾರು ಕಳೆದರೆ ಒಂದು ಓಟಿನ ಬೆಲೆ ಗುಳೆ ಕುಟುಂಬಕ್ಕೆ ಸಣ್ಣದಲ್ಲ. 2024ರಲ್ಲಿ ಕೊಪ್ಪಳ ಲೋಕಸಭೆಯ ಮತದಾನ ಸುಮಾರು ನೂರಕ್ಕೆ 71. ವಿಧಾನಸಭೆಗೆ ಇದಕ್ಕಿಂತ ಹೆಚ್ಚು ಬೀಳುತ್ತದೆ. ಆ ನಡುವಿನ ಅಂತರದಲ್ಲಿ ಮಂಗಳೂರಿನ ಸೆಂಟ್ರಿಂಗ್ ಹಲಗೆಯ ಮೇಲೆ ನಿಂತವರೂ ಇದ್ದಾರೆ.

ವಿಪರ್ಯಾಸವೆಂದರೆ, ಇದೇ ಜನರನ್ನು ಗುಳೆಯಿಂದ ತಪ್ಪಿಸಬಲ್ಲ ಸಂಗತಿ ಸಿಕ್ಕಿಕೊಂಡಿರುವುದು ದಿಲ್ಲಿಯಲ್ಲಿ. ಕೃಷ್ಣಾ ಮೇಲ್ದಂಡೆ ಮೂರನೆಯ ಹಂತದಲ್ಲಿ ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಒಣ ಭೂಮಿಗೆ ನೀರೆತ್ತುವ ಯೋಜನೆ ಇದೆ, ಇಲ್ಲಿಯವರು ಅದನ್ನು ಕೃಷ್ಣಾ ಬಿ ಸ್ಕೀಂ ಎನ್ನುತ್ತಾರೆ. ಅದಕ್ಕೆ ಆಲಮಟ್ಟಿ ಅಣೆಕಟ್ಟೆಯ ಎತ್ತರ 519.6 ಮೀಟರಿನಿಂದ 524.256ಕ್ಕೆ ಏರಬೇಕು. ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರಲ್ಲಿ ತೀರ್ಪು ಕೊಟ್ಟು, 2013ರಲ್ಲಿ ಸ್ಪಷ್ಟೀಕರಣವನ್ನೂ ಕೊಟ್ಟಿತು. ಕೇಂದ್ರದ ಗೆಜೆಟ್ ಅಧಿಸೂಚನೆಯೇ ಹೊರಬೀಳದೆ ಉಳಿಯಿತು. 2013ರ ಜನವರಿಯಲ್ಲಿ ಕಾಂಗ್ರೆಸ್ ಹೊಸಪೇಟೆಯಿಂದ ಕೂಡಲಸಂಗಮಕ್ಕೆ 'ಕೃಷ್ಣೆಯ ಕಡೆಗೆ ನಡಿಗೆ' ಹಾಕಿದ್ದು ಈ ನೆಲದ ಮೇಲೆಯೇ, ಅದೂ ವಿಧಾನಸಭೆ ಚುನಾವಣೆಗೆ ಮುನ್ನ. ಲೋಕಸಭೆ ಚುನಾವಣೆಗೆ ಅಂಥ ನಡಿಗೆಯನ್ನು ಯಾವ ಪಕ್ಷವೂ ಹಾಕಲಿಲ್ಲ. ಗೆಜೆಟ್ ಹೊರಡಿಸಬೇಕಾದದ್ದು ಕೇಂದ್ರ, ಕೇಳಬೇಕಾದವರು ಎಂಪಿ. ಓಟು ಕೇಳುವಾಗ ಮಾತ್ರ ಅದು ಎಂಎಲ್ಎಯ ವಿಷಯ.

ತುಂಗಭದ್ರೆಯದೂ ಹಾಗೆಯೇ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ. ಅದನ್ನು ಸರಿದೂಗಿಸಲು ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ಇದೆ. ಅದಕ್ಕೆ ಆಂಧ್ರ, ತೆಲಂಗಾಣ ಒಪ್ಪಬೇಕು. ಅಣೆಕಟ್ಟೆಯ ಉಸ್ತುವಾರಿ 1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿಯದು, ಅದರ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ಗಂಗಾವತಿಯ ರೈತರು ನಾಟಿ ಮಾಡಿದ ಗದ್ದೆಯ ಬದುವಿನಲ್ಲಿ ನಿಂತು ಲೆಕ್ಕ ಹಾಕಿದರು: ಎಷ್ಟು ನೀರು ಉಳಿದೀತು, ಒಂದು ಬೆಳೆಯಾದರೂ ಕೈಗೆ ಬಂದೀತೇ? ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಬೆಳೆ ಉಳಿಸಿತು. ಇದು ನಡೆದದ್ದು ಎಂಪಿ ಚುನಾವಣೆ ಮುಗಿದು ಮೂರು ತಿಂಗಳಿಗೆ. ಮೇ ತಿಂಗಳ ಯಾವ ಭಾಷಣದಲ್ಲೂ ಗೇಟಿನ ಚೈನಿನ ಮಾತು ಇದ್ದ ಹಾಗಿಲ್ಲ.

ರೈಲು ಒಂದೇ ಸ್ವಲ್ಪ ಬೇರೆ. 1997–98ರಲ್ಲಿ ಮಂಜೂರಾದ ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗದಲ್ಲಿ ಗಂಗಾವತಿ ರೈಲು ಕಂಡದ್ದು ಎರಡು ದಶಕದ ಮೇಲೆ. ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿಗೆ ಮೊದಲ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ, ಹಸಿರು ನಿಶಾನೆ ತೋರಿದವರು ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣ. ಯಾರ ಕಾಲದಲ್ಲಿ ಮಂಜೂರಾಯಿತು, ಯಾರ ಕಾಲದಲ್ಲಿ ಹಳಿ ಬಿತ್ತು ಎಂದು ರಾಯರೆಡ್ಡಿ, ಕರಡಿ, ಹಿಟ್ನಾಳ ಕಡೆಯವರೆಲ್ಲ ಲೆಕ್ಕ ಕೊಡಬಲ್ಲರು. ಎಂಪಿ ಕೆಲಸ ಎಂದರೆ ಇದು ಎಂದು ಜನರಿಗೆ ಕಣ್ಣಿಗೆ ಕಾಣುವ ಒಂದೇ ವಸ್ತು ರೈಲು. ಅದಕ್ಕೇ ಅದರ ಶ್ರೇಯಸ್ಸಿಗೆ ಇಷ್ಟು ಜನ.

ಚುನಾವಣೆಯ ಹೊರಗೂ ಈ ಊರು ಮಾತಾಡುತ್ತದೆ. 2025ರ ಫೆಬ್ರುವರಿ 24ರಂದು ಬಲ್ಡೋಟ ಸಮೂಹದ ಉಕ್ಕಿನ ಕಾರ್ಖಾನೆ ವಿಸ್ತರಣೆ ವಿರೋಧಿಸಿ ಕೊಪ್ಪಳ ಬಂದ್ ಆಯಿತು, ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತರು, ಎಲ್ಲ ಪಕ್ಷದವರೂ ಹಿಂದೆ ಬಂದರು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಕೆಲಸ ನಿಲ್ಲಿಸಲು ಸೂಚಿಸಿದರು. ಗಿಣಿಗೇರಿ ಸುತ್ತಿನ ಕಾರ್ಖಾನೆಗಳ ಹೊಗೆ, ದೂಳು ಹೊಸದಲ್ಲ. ಅದು ಎಷ್ಟು ಲೋಕಸಭೆ ಚುನಾವಣೆ ಕಂಡಿದೆಯೋ! ಪರಿಸರ ಅನುಮತಿಯ ಕಡತ ಓಡಾಡುವುದೂ ದಿಲ್ಲಿಯಲ್ಲೇ. ಕೊನೆಗೆ ಜನ ನೆಚ್ಚಿದ್ದು ಮಠವನ್ನು.

ಇನ್ನುಳಿದದ್ದು ಕ್ಷೇತ್ರದ ಗಡಿ. ಈಗಿನ ಎಂಟು ತುಣುಕುಗಳ ಜೋಡಣೆ 2008ರದು, ಅದಕ್ಕೆ ಆಧಾರ 2001ರ ಜನಗಣತಿ. ಮುಂದಿನ ಮರುವಿಂಗಡಣೆಯಲ್ಲಿ ಸಿಂಧನೂರು, ಮಸ್ಕಿ, ಸಿರುಗುಪ್ಪ ಇಲ್ಲೇ ಉಳಿದಾವೋ ಇಲ್ಲವೋ ಯಾರೂ ಹೇಳಲಾರರು. ಗಡಿ ಎಳೆಯುವ ಕೈ ಯಾರದು ಎಂಬುದು ಸಣ್ಣ ಪ್ರಶ್ನೆಯಲ್ಲ. ಎಲ್ ಸಾಲ್ವಡಾರ್‌ನಲ್ಲಿ 2024ರ ಫೆಬ್ರುವರಿ ಚುನಾವಣೆಗೆ ಎಂಟು ತಿಂಗಳಿರುವಾಗ ಆಳುವ ಪಕ್ಷ ಸಂಸತ್ತಿನ 84 ಸ್ಥಾನಗಳನ್ನು 60ಕ್ಕೆ ಇಳಿಸಿ, ಅದರಲ್ಲಿ 54ನ್ನು ತಾನೇ ಗೆದ್ದುಕೊಂಡಿತು. ನಮ್ಮಲ್ಲಿ ಆಯೋಗ, ಕರಡು, ಆಕ್ಷೇಪಣೆ, ವಿಚಾರಣೆ ಎಂಬ ಹಂತಗಳಿವೆ. ಆ ವಿಚಾರಣೆಗೆ ಭತ್ತದ ಸೀಮೆಯವರೂ ಒಣ ಸೀಮೆಯವರೂ ತಮ್ಮ ನಕ್ಷೆ ಹಿಡಿದು ಹೋಗಬೇಕಾಗುತ್ತದೆ. ನೀರು ಕಂಡವರನ್ನೂ ಕಾಣದವರನ್ನೂ ಒಂದೇ ಎಂಪಿ ಕೈಗೆ ಕೊಟ್ಟರೆ, ಇದುವರೆಗೆ ಆದಂತೆ, ಜೋರು ದನಿ ಕಾಲುವೆಯವರದೇ ಆಗುತ್ತದೆ ಎಂಬ ಕುಷ್ಟಗಿಯವರ ಗೊಣಗಾಟದಲ್ಲಿ ಹುರುಳಿದೆ.

1952ರಿಂದ 2024ರವರೆಗೆ ಇಲ್ಲಿಂದ ಲೋಕಸಭೆಗೆ ಹೋದವರೆಲ್ಲ ಗಂಡಸರು. ಕೋಸ್ಟರಿಕಾದ ಸಂಸತ್ತಿನಲ್ಲಿ ಪಟ್ಟಿಯಲ್ಲೇ ಗಂಡು ಹೆಣ್ಣು ಸಮ ಇರಬೇಕೆಂಬ ಕಾನೂನಿನಿಂದ 2022ರಲ್ಲಿ ಹೆಂಗಸರು ಅರ್ಧದ ಹತ್ತಿರ ಬಂದರು. ನಮ್ಮಲ್ಲಿ 2023ರ 106ನೇ ತಿದ್ದುಪಡಿ ಮೂರನೇ ಒಂದು ಪಾಲು ಕೊಟ್ಟು, ಅದನ್ನು ಜನಗಣತಿಗೂ ಮರುವಿಂಗಡಣೆಗೂ ಗಂಟು ಹಾಕಿತು. ಆ ಮೀಸಲು ಸರದಿಯಲ್ಲಿ ಕೊಪ್ಪಳಕ್ಕೆ ಬಂದರೆ ಟಿಕೆಟ್ ಯಾವ ಮನೆಗಳ ಸೊಸೆಯಂದಿರಿಗೆ, ಹೆಂಡತಿಯರಿಗೆ ಹೋಗುತ್ತದೆಂದು ಊಹಿಸಲು ಜ್ಯೋತಿಷಿ ಬೇಕಿಲ್ಲ. ಸ್ತ್ರೀಶಕ್ತಿ ಸಂಘಗಳಲ್ಲಿ ಸಾಲ ವಸೂಲಿ ಮಾಡಿ ಪಳಗಿದವರು, ಗ್ರಾಮ ಪಂಚಾಯಿತಿಯಲ್ಲಿ ಎರಡೆರಡು ಅವಧಿ ಅಧ್ಯಕ್ಷರಾದವರು ಈ ನಾಲ್ಕೂ ತಾಲ್ಲೂಕಿನಲ್ಲಿದ್ದಾರೆ. ಬೂತಿನ ಲೀಡು ಎಷ್ಟೆಂಬುದು ಅವರಿಗೂ ಬಾಯಿಪಾಠ. ಟಿಕೆಟ್ ಹಂಚುವ ಸಭೆಗೆ ಅವರನ್ನು ಕರೆಯುವ ಪದ್ಧತಿ ಮಾತ್ರ ಯಾವ ಪಕ್ಷದಲ್ಲೂ ಇಲ್ಲ.